ಸೊಸೆಯ ಕೂದಲು, ನನ್ನ ಚೌರಿ

ಪುಟ್ಟವ್ವ, ತಮ್ಮಣ್ಣ, ನಿಮ್ಮವ್ವ ಸಭೆಯಲ್ಲಿ ಹಾಡುವುದನ್ನು ಯಾಕೆ ಬಿಟ್ಟಳು ಎಂದು ಕೇಳಿದ್ದಿರಿ. ನಿಮ್ಮಜ್ಜಿಯಾದ ನನಗೆ ಬಾಯಿಂದ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ದೇವರು ಹೆಣ್ಣಿಗೆ ಕೂದಲನ್ನೇ ಹೊದಿಕೆಯಾಗಿ ಕೊಟ್ಟಿದ್ದಾನೆ, ಅದಕ್ಕೆ ಕತ್ತರಿ ತಾಗಬಾರದು ಎಂದು ನಮ್ಮ ಕ್ರೈಸ್ತ ಸಭೆಯ ಬೋಧನೆ. ನಿಮ್ಮಜ್ಜ ತೀರಿದ ಮರುವರ್ಷ ನನಗೆ ವಿಷಮಜ್ವರ ಬಂತು. ಮಲಗಿ ಮಲಗಿ ಕೂದಲು ಗಂಟುಗಟ್ಟಿತು, ಬಾಚಣಿಗೆ ಹೋಗಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೇ ಕುತ್ತಿಗೆಯ ತನಕ ಕತ್ತರಿಸಿ ಮಂಚದ ಕೆಳಗೆ ತಳ್ಳಿಬಿಟ್ಟೆ. ಎದ್ದು ಓಡಾಡುವಂತಾದ ಮೇಲೆ ಸಿಂಧನೂರಿನಿಂದ ಒಂದು ಚೌರಿ ತಂದು, ಆ ಸುಳ್ಳು ಕೂದಲನ್ನು ಸೇರಿಸಿ ತುರುಬು ಕಟ್ಟಿ ಸೆರಗು ಹೊದ್ದೆ. ಮಸ್ಕಿಯ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಅದೇ ವರ್ಷ ನಿಮ್ಮವ್ವ ಲಿಂಗಸುಗೂರಿಗೆ ಹೋದಾಗ, ಸೀಳಿದ್ದ ಕೂದಲಿನ ತುದಿಯನ್ನು ಎರಡು ಬೆರಳಿನಷ್ಟು ಕತ್ತರಿಸಿಕೊಂಡು ಬಂದಳು. ಭಾನುವಾರ ಹೆಂಗಸರು ಗುಸುಗುಸು ಶುರುಮಾಡಿದರು. ಪಾಸ್ಟರು ನನ್ನನ್ನೇ ಕೇಳಿದರು: "ಅಮ್ಮಾ, ನಿಮ್ಮ ಸೊಸಿ ಕತ್ತರಿ ಹಚ್ಚ್ಯಾಳೇನ್ರಿ?"

ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅವತ್ತು ಬಿಟ್ಟೆ. "ಹೌದ್ರಿ ಅಯ್ಯಾರ. ನಾ ಬ್ಯಾಡಂದ್ರೂ ಕೇಳ್ಲಿಲ್ಲ." ಬೇಡ ಎಂದು ನಾನು ಹೇಳಿಯೇ ಇರಲಿಲ್ಲ.

ಪಕ್ಕದಲ್ಲಿದ್ದವಳು ನಿಮ್ಮವ್ವನಿಗೆ, "ನಿಮ್ಮತ್ತಿ ತುರುಬು ನೋಡಿ ಕಲಿ ಬೇ! ಈ ವಯಸ್ಸಿನ್ಯಾಗೂ ತೆಂಗಿನಕಾಯಿ ಇದ್ದಂಗ ಐತಿ" ಎಂದಳು. ಎಲ್ಲರೂ ನಕ್ಕರು. ನಾನು ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡೆ. ನಿಮ್ಮವ್ವ ಇನ್ನು ಮುಂದೆ ಹಾಡು ಎತ್ತಿಕೊಡುವುದು ಬೇಡವೆಂದು ಪಾಸ್ಟರು ಹೇಳಿದರು. ಅವಳು ಎದ್ದು ಹೋಗಿ ಹಿಂದಿನ ಚಾಪೆಯ ಮೇಲೆ ಕುಳಿತಳು. ಇಂದಿಗೂ ಅಲ್ಲೇ.

ಎರಡು ವಾರದ ಹಿಂದೆ ಅವಳು ಅಕ್ಕಿ ಹಸನು ಮಾಡುತ್ತಿದ್ದಾಗ ತಡೆಯಲಾಗದೆ ಚೌರಿ ಬಿಚ್ಚಿ ಅವಳ ಮುಂದಿಟ್ಟೆ. ಅವಳು ತಲೆ ಎತ್ತಲಿಲ್ಲ.

"ಗೊತ್ತೈತ್ರಿ ಅತ್ತಿ. ಮಂಚದ ಕೆಳಗಿನ ಕೂದ್ಲ ಆರಿಸಿ ಹಿತ್ತಲದಾಗ ಹುಗದಾಕಿ ನಾನ."

"ಮತ್ತ ಸಭಾದಾಗ ಯಾಕ ಹೇಳ್ಲಿಲ್ಲ ಬೇ?"

"ಹೇಳಿದ್ರ ನಿಮ್ಮನ್ನೂ ಹಿಂದ ಕುಂದರಸ್ತಿದ್ರು. ಅಲ್ಲಿ ಕುರ್ಚಿ ಇಲ್ಲ, ನಿಮಗ ಮೊಣಕಾಲು ನೋವು."

ಅಂದಿನಿಂದ ಎರಡು ಭಾನುವಾರ ಕಳೆದವು. ಎದ್ದು ನಿಂತು ಹೇಳಬೇಕೆಂದು ಹೋಗುತ್ತೇನೆ, ಕುರ್ಚಿಯ ಕೈ ಹಿಡಿದು ಕುಳಿತೇ ಇರುತ್ತೇನೆ. ನಾನು ಹೇಳದೆಯೇ ಸತ್ತರೆ ನೀವು ಇದನ್ನು ಸಭೆಯಲ್ಲಿ ಓದಿ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮವ್ವನ ಕೈಗೆ ಸಿಗದಂತೆ ನೋಡಿಕೊಳ್ಳಿ. ನನ್ನ ಮಾನ ಉಳಿಸಲೆಂದು ಅವಳು ಹರಿದುಹಾಕುತ್ತಾಳೆ.