ಭಾವನ ಕಿವಿ

ನಮ್ಮ ಭಾವ ಪಿಯಾನೋಗಳಿಗೆ ಶ್ರುತಿ ಮಾಡುವವರು. ಕಿವಿಯ ಬಲದಿಂದಲೇ ಸಂಸಾರ ಸಾಗಿಸಿದ್ದರಿಂದ ಅವರು ತಮ್ಮ ಎರಡು ಕಿವಿಗಳನ್ನು ಬಿಟ್ಟು ಬೇರೆ ಯಾರನ್ನೂ ನಂಬುವುದಿಲ್ಲ. ನನ್ನನ್ನಂತೂ ಇಲ್ಲವೇ ಇಲ್ಲ, ಹೆಂಡತಿಯ ತಮ್ಮನಲ್ಲವೇ.

ಅವರ ಸೊಸೆ ಹೊರದೇಶದವಳು. ನಮ್ಮ ಮಾತನ್ನು ಚೆನ್ನಾಗಿಯೇ ಕಲಿತಿದ್ದಾಳೆ, ಆದರೆ ಮಗಳಿಗೆ ತನ್ನ ಕಡೆಯ ಹೆಸರಿಟ್ಟಳು. ಭಾವ ಮೊಮ್ಮಗಳನ್ನು ಕರೆದಾಗಲೆಲ್ಲ "ಹಾಗಲ್ಲ ಮಾವ, ಹೀಗೆ" ಎಂದು ತಾನೊಮ್ಮೆ ಹೇಳಿ ತೋರಿಸುತ್ತಿದ್ದಳು. ಭಾವನಿಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಬರುಬರುತ್ತಾ ಅವಳು ತಿದ್ದುವುದನ್ನೇ ಬಿಟ್ಟಳು. ಭಾವನ ಅನುಮಾನಕ್ಕೆ ಅದು ಇನ್ನಷ್ಟು ತುಪ್ಪ ಸುರಿಯಿತು.

"ತಪ್ಪು ನಿಜವಾಗಿದ್ರೆ ತಿದ್ದೋದು ಬಿಡ್ತಿದ್ದಳಾ? ಇಲ್ಲದ ತಪ್ಪು ಹುಡುಕಿ ನನ್ನನ್ನ ಆಟ ಆಡಿಸಿದಳು ಕಣೋ. ಮಗೂನ ನನ್ನಿಂದ ದೂರ ಮಾಡೋ ಉಪಾಯ ಇದು."

ಸೊಸೆಯ ಭಾಷೆಯ ಸ್ವರಾಕ್ಷರಗಳನ್ನು ಕೇಳಿ ಒಂದೇ, ಬೇರೆಯೇ ಎಂದು ಹೇಳುವ ಪರೀಕ್ಷೆಗೆ ವಿಶ್ವವಿದ್ಯಾಲಯದವರು ಜನರನ್ನು ಕರೆದಿದ್ದಾರೆಂದು ತಿಳಿದದ್ದೇ ತಡ, ಅವಳ ಬಣ್ಣ ಬಯಲು ಮಾಡಲು ನನ್ನನ್ನೂ ಎಳೆದುಕೊಂಡು ಹೊರಟರು.

ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆ. ಅಲ್ಲಿದ್ದ ಹುಡುಗಿ ಹೆಡ್‌ಫೋನ್ ಹಾಕಿ ಎರಡೆರಡು ಸ್ವರ ಕೇಳಿಸಿದಳು. ಭಾವ 'ಒಂದೇ' ಎಂಬ ಗುಂಡಿಯನ್ನು ಕುಟ್ಟಿದ್ದೇ ಕುಟ್ಟಿದ್ದು. ಪರದೆಯ ಮೇಲೆ ತಪ್ಪು, ತಪ್ಪು ಎಂದು ಬರುತ್ತಲೇ ಇತ್ತು.

"ಎರಡನ್ನೂ ಒಟ್ಟಿಗೆ ಹಾಕಮ್ಮ" ಅಂದರು. ಹೊಂದದ ಎರಡು ತಂತಿಗಳನ್ನು ಒಟ್ಟಿಗೆ ನುಡಿಸಿದರೆ ನಾದ ನಡುಗುತ್ತದೆ; ಜೀವಮಾನವೆಲ್ಲ ಅವರು ನಂಬಿದ ಪರೀಕ್ಷೆ ಅದು. ನಾದ ನಡುಗಲಿಲ್ಲ. ಭಾವ ಕಳ್ಳನನ್ನು ಹಿಡಿದವರಂತೆ ನನ್ನ ಕಡೆ ನೋಡಿದರು.

"ಶ್ರುತಿ ಒಂದೇ ಇಟ್ಟಿದೀವಿ ಸರ್, ಬಾಯಿಯ ಆಕಾರ ಬೇರೆ" ಅಂದಳು ಹುಡುಗಿ. "ಚಿಕ್ಕಂದಿನಿಂದ ಕೇಳಿರದ ಸ್ವರ ದೊಡ್ಡವರ ಕಿವಿಗೆ ಬಿದ್ದಾಗ, ಎಷ್ಟೋ ಸಲ ಅವರ ಭಾಷೆಯ ಹತ್ತಿರದ ಸ್ವರದ ಥರಾನೇ ಕೇಳ್ಸುತ್ತೆ. ನಿಮ್ಮ ಕಿವಿ ಚೆನ್ನಾಗೇ ಇದೆ."

"ಇವಳಿಗೂ ಸೊಸೆಗೂ ಪರಿಚಯ ಇದೆ" ಎಂದರು ಭಾವ, ಮೆಟ್ಟಿಲಿಳಿಯುತ್ತಾ. ನನಗೆ ರೇಗಿಹೋಯಿತು.

ಮನೆಯಲ್ಲಿ ಸೊಸೆ ಇರಲಿಲ್ಲ. ಭಾವ ಬಾಗಿಲಲ್ಲೇ ನಿಂತು ತಮ್ಮ ರೀತಿಯಲ್ಲೇ ಮೊಮ್ಮಗಳ ಹೆಸರು ಕೂಗಿದರು. ಮಗು ಆಟಿಕೆ ಬಿಟ್ಟು ಓಡಿಬಂದು ಕಾಲು ತಬ್ಬಿಕೊಂಡಿತು.

"ನೋಡಿದ್ಯಾ? ಸರಿಯಾಗಿ ಕರೆದಿದ್ದಕ್ಕೇ ಬಂತು" ಎಂದು ನನಗೆ ಹೇಳಿ, ಮಗುವಿನತ್ತ ಬಗ್ಗಿದರು. "ಅಮ್ಮ ಕರೆಯೋದೂ ತಾತ ಕರೆಯೋದೂ ಒಂದೇ ತಾನೇ ಪುಟ್ಟಿ?"

ಮಗು ಅಡ್ಡಡ್ಡ ತಲೆಯಾಡಿಸಿತು. "ಬೇರೆ."

"ಹಾಗಂತ ಅಮ್ಮ ಹೇಳಿಕೊಟ್ಟಳಾ?"

"ಇಲ್ಲ" ಅಂದಿತು ಮಗು. "ತಾತ ಹಾಗೆ ಕರೆದ್ರೆ ನಗಬೇಡ, ಕರೀತಿರೋದು ನಿನ್ನನ್ನೇ, ತಾತನ ಹತ್ರ ಓಡಿ ಹೋಗು ಅಂತ ಹೇಳಿಕೊಟ್ಟಿದ್ದಾಳೆ."