ಸೀಲು ಹಾಕಿದ ತೊಗರಿ

ದೇಹಕ್ಕಾಗಲಿ ದೇಶಕ್ಕಾಗಲಿ ನಿಯಮ ಒಂದೇ: ಒಳಗೆ ಬರುವುದು ಕಡಿಮೆಯಾಗಿ ಹೊರಗೆ ಹೋಗುವುದು ಹೆಚ್ಚಾದರೆ ಕುಸಿತ ಖಚಿತ. ಈ ಘನವಾದ ಮಾತನ್ನು ನಾನು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ನನ್ನ ಹೆಂಡತಿ ನಳದ ಹತ್ತಿರ ಕುಸಿದು ಬಿದ್ದ ಹೊತ್ತಿನಲ್ಲೂ ಚಹಾದಂಗಡಿಯಲ್ಲಿ ಕುಳಿತು ಇದನ್ನೇ ಹೇಳುತ್ತಿದ್ದೆ.

ಎದುರಿಗೆ ಮೈಬೂಸಾಬ. ರಿಟೈರ್ಡ್ ಬಸ್ ಕಂಡಕ್ಟರ್. ಅವನ ಪ್ರಕಾರ ಬೆಲೆ ಏರಿಕೆಗೆಲ್ಲ ಡೀಸೆಲ್ಲೇ ಮೂಲ. ಅಂಗಡಿಯ ವಿರೂಪಾಕ್ಷಿ ಎಲ್ಲಕ್ಕೂ ಮಳೆಯನ್ನು ಬೈಯುತ್ತಿದ್ದ. ನನ್ನ ತೀರ್ಪು ಬೇರೆ ಇತ್ತು. ಮಾಲು ಕೂಡಿಟ್ಟುಕೊಂಡು ರೇಟು ಏರುವ ದಾರಿ ಕಾಯುವ ದಾಸ್ತಾನುಕೋರರೇ ಕಾರಣ. ಅವರನ್ನು ಹಿಡಿದು ಒಳಗೆ ಹಾಕಬೇಕು. ಇಷ್ಟು ಹೇಳಿ ಮೇಜು ಕುಟ್ಟಿದ್ದೆ, ಫೋನು ಬಂತು.

ಪಕ್ಕದ ಮನೆಯ ಗುರುಬಾಯಿ. "ಮಾಸ್ತರ, ಲಗೂನ ಬರ್ರಿ. ಅಕ್ಕಾರು ಬಿದ್ದಾರ. ಕಣ್ಣ ತೆರೀವಲ್ರು."

ನಿಜ ಹೇಳಬೇಕೆಂದರೆ ಕಸ್ತೂರಿ ಅವತ್ತು ಬಿದ್ದದ್ದಲ್ಲ. ಆರು ತಿಂಗಳಿಂದ ಬೀಳುತ್ತಲೇ ಇದ್ದಳು. ಮಾಳಿಗೆಗೆ ಹಪ್ಪಳ ಹಾಕಲು ಹತ್ತುವಾಗ ನಡುವಿನ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ರೊಟ್ಟಿ ಬಡಿಯುವಾಗ ಎರಡು ಸಲ ಕೈ ಬಿಟ್ಟು ಗೋಡೆಗೆ ಒರಗುತ್ತಿದ್ದಳು. ರೊಟ್ಟಿ ದಪ್ಪವಾದವು. ದಪ್ಪವಾದದ್ದು ನನ್ನ ಗಮನಕ್ಕೆ ಬಂತು, ಅದನ್ನು ಅವಳ ಗಮನಕ್ಕೂ ತಂದೆ. "ವಯಸ್ಸಾತ್ರಿ," ಅಂದಳು. ನಾನು ಒಪ್ಪಿದೆ. ಅವಳಿಗೆ ಐವತ್ತೇಳು.

ಇನ್ನೊಂದು ಸಂಗತಿ. ನನ್ನ ಹಳೆಯ ಟ್ರಂಕಿನಲ್ಲಿ ಮಕ್ಕಳಿಗೆ ಕೊಟ್ಟು ಉಳಿದ ಬಳಪದ ಡಬ್ಬಿಗಳಿದ್ದವು. ಅವು ಖಾಲಿಯಾಗುತ್ತಿದ್ದವು. ಇಲಿ ಎಂದುಕೊಂಡೆ. ಒಂದು ಮಧ್ಯಾಹ್ನ ನೋಡಿದರೆ ಕಸ್ತೂರಿ ಬಳಪ ಕಡಿದು ತಿನ್ನುತ್ತಿದ್ದಳು, ಬಾಯಿ ತುಂಬ ಬೂದಿ ಬಣ್ಣ. ಸೆರಗಿನಿಂದ ಒರೆಸಿಕೊಂಡಳು. "ಈ ವಯಸ್ಸಿಗೆ ಅಕ್ಷರಾಭ್ಯಾಸ ಶುರು ಮಾಡೀದಿ ಏನು?" ಎಂದು ನಕ್ಕೆ. ಆ ನಗೆಚಾಟಿಕೆಯನ್ನು ಚಹಾದಂಗಡಿಯಲ್ಲೂ ಹೇಳಿ ನಗಿಸಿದ್ದೆ.

ಊರಿನ ದವಾಖಾನೆಯಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವರು ವಿಜಯಪುರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ರಕ್ತ ತೆಗೆದರು. ತಾಸಿನ ಮೇಲೆ ರಿಪೋರ್ಟ್ ಬಂತು.

ಹಿಮೋಗ್ಲೋಬಿನ್ ಐದು ಪಾಯಿಂಟ್ ಎಂಟು.

ಹನ್ನೆರಡು ಇರಬೇಕಂತೆ. ನಲವತ್ತೆಂಟು ಪರ್ಸೆಂಟ್ ಎಂದು ನನ್ನ ತಲೆ ತಾನೇ ಲೆಕ್ಕ ಹಾಕಿತು; ನಮ್ಮ ಶಾಲೆಯಲ್ಲಾದರೆ ಪಾಸು. "ಹಾರ್ಟಿಗೆ ಲೋಡ್ ಬಿದ್ದೈತ್ರಿ," ಎಂದರು ಡಾಕ್ಟರು, ನನ್ನ ಮಗಳಿಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. "ಇನ್ನೊಂದು ವಾರ ತಡ ಮಾಡಿದ್ರ ಕಷ್ಟ ಇತ್ತು. ಇವತ್ತ ಬ್ಲಡ್ ಹಾಕಬೇಕು."

ಎರಡು ಬಾಟಲಿ ಹಾಕಿದರು. ಬದಲಿಗೆ ನಮ್ಮ ಕಡೆಯವರು ರಕ್ತ ಕೊಡಬೇಕೆಂದಾಗ ನಾನು ಅಂಗಿಯ ತೋಳು ಮಡಚಿ ಮುಂದೆ ನಿಂತೆ. ವಯಸ್ಸು ಮೀರಿದೆ ಎಂದು ಹಿಂದಕ್ಕೆ ಕಳಿಸಿದರು. ಸಿಂದಗಿಯಿಂದ ಮಗಳು ಶಿವಲೀಲಾಳ ಜೊತೆ ಧಾವಿಸಿ ಬಂದ ಅಳಿಯ ಕೊಟ್ಟ. ನಾನು ಅವನಿಗೆ ಬಿಸ್ಕೀಟು ತಂದೆ.

ಆಮೇಲೆ ಹುಡುಕಾಟ. ರಕ್ತ ಎಲ್ಲಿ ಸೋರುತ್ತಿದೆ? ಸ್ಕ್ಯಾನ್ ಮಾಡಿದರು. ಗಂಟಲಿನಿಂದ ಕ್ಯಾಮೆರಾ ಇಳಿಸಿದರು. ಇನ್ನೊಂದು ಕ್ಯಾಮೆರಾ ಕೆಳಗಿನಿಂದ. ನಾನು ಕಾರಿಡಾರಿನಲ್ಲಿ ಕುಳಿತು, ಮೂವತ್ತಾರು ವರ್ಷದಲ್ಲಿ ಈ ಹೆಂಗಸಿಗೆ ಒಮ್ಮೆಯಾದರೂ ನೀನು ಹೇಗಿದ್ದೀ ಎಂದು ಕೇಳಿದ್ದೆನೇ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಕೇಳಿದ್ದೆ. ಉತ್ತರಕ್ಕೆ ನಿಂತದ್ದು ನೆನಪಾಗಲಿಲ್ಲ. ಕ್ಯಾನ್ಸರ್ ಇರಬಹುದೆಂಬ ಮಾತು ಯಾರೂ ಆಡಲಿಲ್ಲ, ಆದರೆ ಎರಡು ದಿನ ಎಲ್ಲರೂ ಅದನ್ನೇ ಆಡದೆ ಕುಳಿತಿದ್ದೆವು.

ಹುಣ್ಣಿಲ್ಲ. ಗಡ್ಡೆಯಿಲ್ಲ. ಎಲ್ಲಿಯೂ ಸೋರಿಕೆಯಿಲ್ಲ.

ಮೂರನೆಯ ದಿನ ಡಾಕ್ಟರು ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕುಳಿತರು. ಶಿವಲೀಲಾ ತಾಯಿಯ ಕಾಲ ಬಳಿ, ನಾನು ಕಿಟಕಿಯ ಬಳಿ.

"ಅಮ್ಮಾರ, ಮನ್ಯಾಗ ದಿನಾ ಏನ್ ಊಟ ಮಾಡ್ತೀರಿ?"

"ರೊಟ್ಟಿರಿ."

"ರೊಟ್ಟಿಗೆ ಹಚ್ಚಿಕೊಳ್ಳಾಕ?"

"ಕೆಂಪ ಖಾರ. ಒಮ್ಮೊಮ್ಮೆ ಚಾದಾಗ ಅದ್ದಿ ತಿಂತೇನ್ರಿ."

"ಬ್ಯಾಳಿ, ಕಾಯಿಪಲ್ಲೆ, ಶೇಂಗಾ ಹಿಂಡಿ, ಮೊಸರು?"

"ಮಾಡ್ತೇನ್ರಿ." ಕಸ್ತೂರಿ ನನ್ನ ಕಡೆ ನೋಡಲಿಲ್ಲ. "ಇವರಿಗೆ ಮಾಡ್ತೇನಿ. ಎಲ್ಲಾ ತುಟ್ಟಿ ಆಗ್ಯಾವ್ರಿ. ಇಬ್ಬರಿಗೂ ಆಗೂದಿಲ್ಲ."

ಮನೆತನದ ಮರ್ಯಾದೆಯ ಪ್ರಶ್ನೆ ಬಂದಿತ್ತು. ನಾನು ಗಂಟಲು ಸರಿಪಡಿಸಿಕೊಂಡು ಮುಂದೆ ಬಂದೆ. "ಡಾಕ್ಟರ, ಹಂಗೇನಿಲ್ರಿ. ನಮಗ ಗೊಳಸಂಗ್ಯಾಗ ಹೊಲ ಐತಿ. ಮನ್ಯಾಗ ಒಂಬತ್ತು ಚೀಲ ತೊಗರಿ ಅದಾವ."

"ಅವು ಮಾರಾಕ ಇಟ್ಟಾವ್ರಿ," ಅಂದಳು ಕಸ್ತೂರಿ, ನನ್ನನ್ನು ಕಾಪಾಡುವ ದನಿಯಲ್ಲಿ. "ರೇಟು ಬರಲಿ ಅಂತ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಬಂತಲ್ರಿ ರೇಟು," ಅಂದರು.

ಶಿವಲೀಲಾ ನನ್ನನ್ನು ನೋಡಿದಳು. ನಾನು ಕಿಟಕಿಯಾಚೆ ನಿಲ್ಲಿಸಿದ್ದ ಬೈಕುಗಳನ್ನು ನೋಡಿದೆ.

ವಿವರ ಹೀಗಿದೆ. ಪ್ರತಿ ವರ್ಷ ಸುಗ್ಗಿಯಾದ ಮೇಲೆ ಒಂದು ಚೀಲ ತೊಗರಿಯನ್ನು ಗಿರಣಿಗೆ ಕಳಿಸಿ ಮನೆಗೆ ಬೇಳೆ ಮಾಡಿಸುವುದು ನಮ್ಮಲ್ಲಿ ರೂಢಿ. ಈ ವರ್ಷ ರೇಟು ಏರುತ್ತದೆಂದು ನನ್ನ ಅಧ್ಯಯನ ಹೇಳಿತು. ಪೆನ್ಷನ್ ಬರುತ್ತಿತ್ತು, ದುಡ್ಡಿನ ತುರ್ತೇನೂ ಇರಲಿಲ್ಲ. ನನ್ನ ಅಂದಾಜು ಸರಿಯಾಯಿತೆಂದು ಮೈಬೂಸಾಬನಿಗೆ ತೋರಿಸುವ ತುರ್ತು ಮಾತ್ರ ಇತ್ತು. ಒಂಬತ್ತೂ ಚೀಲಗಳ ಬಾಯಿ ಹೊಲಿಸಿದೆ. ಪ್ರಶ್ನೆಪತ್ರಿಕೆಯ ಬಂಡಲಿಗೆ ಮಾಡುವಂತೆ ಹೊಲಿಗೆಯ ಮೇಲೆ ಕಾಗದ ಅಂಟಿಸಿ, ತಾರೀಖು ಹಾಕಿ, ಸಹಿ ಮಾಡಿದೆ. ಚೇಷ್ಟೆಗೆ ಮಾಡಿದ್ದು ಎಂದು ಈಗ ಹೇಳಬಹುದು. ಆಗ ಗಂಭೀರವಾಗಿಯೇ ಮಾಡಿದ್ದೆ.

ಕಸ್ತೂರಿ ಒಮ್ಮೆ ಕೇಳಿದ್ದಳು, "ಒಂದ ಚೀಲ ಬಿಚ್ಚೂಣೇನ್ರಿ?" ಯುಗಾದಿ ಹೋಗಲಿ ಅಂದೆ. ಯುಗಾದಿ ಹೋಯಿತು. ಮತ್ತೆ ಕೇಳಿದಳು. ಪೂರೈಕೆ ಮತ್ತು ಬೇಡಿಕೆಯ ಬಗ್ಗೆ ಅರ್ಧ ತಾಸು ತಿಳಿಸಿ ಹೇಳಿದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಪಾಠ ಅರ್ಥವಾಯಿತೆಂದು ತಿಳಿದೆ. ಸಂತೆಗೆಂದು ಅವಳ ಕೈಗೆ ಕೊಡುವ ಹಣ ನಾನು ರಿಟೈರ್ ಆದ ವರ್ಷ ಎಷ್ಟಿತ್ತೋ ಅಷ್ಟೇ ಇತ್ತು. ಬೆಲೆ ಏರಿದ್ದು ಇಂಡಿ ಪೇಟೆಗೂ ಗೊತ್ತಿತ್ತು, ಮುದ್ದೇಬಿಹಾಳಕ್ಕೂ ಗೊತ್ತಿತ್ತು, ಆ ಹಣಕ್ಕೆ ಮಾತ್ರ ಗೊತ್ತಾಗಿರಲಿಲ್ಲ. ಅವಳು ಪಾವು ಕಿಲೋ ಬೇಳೆ ತಂದು ನನ್ನ ತಾಟಿಗೆ ಗಟ್ಟಿ ಬೇಳೆ ಬಡಿಸುತ್ತಿದ್ದಳು. ನಾನು ಉಂಡು, ಕೈ ತೊಳೆದು, ಪೇಪರು ಹಿಡಿದು ಹೊರಗೆ ಬರುತ್ತಿದ್ದೆ. ಆಮೇಲೆ ಅವಳು ಉಣ್ಣುತ್ತಿದ್ದಳು. ಮೂವತ್ತಾರು ವರ್ಷ ಅವಳ ತಾಟಿನಲ್ಲಿ ಏನಿದೆಯೆಂದು ನಾನು ನೋಡಿದವನಲ್ಲ. ದೇಶದ ದಾಸ್ತಾನಿನ ಸ್ಥಿತಿ ಮಾತ್ರ ಬಾಯಿಪಾಠ.

ಮನೆಗೆ ಬಂದ ದಿನ ಶಿವಲೀಲಾ ಕೈಯಲ್ಲಿ ಕತ್ತರಿ ಹಿಡಿದಳು. "ಅಪ್ಪಾ, ಮಾಲು ಕೂಡಿಡವರನ್ನ ಒಳಗ ಹಾಕಬೇಕು ಅಂತಿದ್ದೆಲ್ಲ? ಬಾ, ಆಸಾಮಿ ಸಿಕ್ಕಾನ, ಗುರ್ತು ಹಿಡಿ." ನನ್ನ ಸಹಿಯ ನಡುವೆಯೇ ಕತ್ತರಿ ಹಾಯಿಸಿದಳು. ತೊಗರಿ ಸುರಿಯಿತು. ಆ ಚೀಲದಲ್ಲಿ ಹುಳ ಬಿದ್ದಿತ್ತು. ಅವಳೇ ಕೂತು ಆರಿಸಿದಳು. ನಾನೂ ಮೊರ ಹಿಡಿದು ಕೂತೆ. ಅವಳು ಬೇಡ ಅನ್ನಲಿಲ್ಲ.

ಸಂಜೆ ಕಸ್ತೂರಿಯ ಮಂಚದ ಹತ್ತಿರ ನಿಂತು, ಸ್ವಲ್ಪ ಸಿದ್ಧಪಡಿಸಿಕೊಂಡೇ, ಹೇಳಿದೆ. "ನನ್ನಿಂದ ದೊಡ್ಡ ಅಪರಾಧ ಆಗೇತಿ."

"ಭಾಷಣ ಬ್ಯಾಡ್ರಿ," ಅಂದಳು. "ದಣಿವಾಗೇತಿ." ಆಮೇಲೆ ಗೋಡೆಯ ಕಡೆ ಹೊರಳಿ, "ನನಗ ಹಸಿವು ಆಗತಿತ್ರಿ," ಅಂದಳು.

ಅಷ್ಟೇ ಹೇಳಿದ್ದು.

ಹದಿನೈದು ದಿನದ ಮೇಲೆ ಚಹಾದಂಗಡಿಗೆ ಹೋದೆ. "ಬರ್ರಿ ಮಾಸ್ತರ," ಅಂದ ಮೈಬೂಸಾಬ, "ಬ್ಯಾಳಿ ಮತ್ತ ಏರೇತಿ. ಈಗರ ಒಪ್ತೀರೋ ಇಲ್ಲೋ ಡೀಸೆಲ್ ಅಂತ?" ಡೀಸೆಲ್ಲೂ ಇರಬಹುದು, ಮಳೆಯೂ ಇರಬಹುದು ಅಂದೆ. ನಂತರ ಒಂಬತ್ತು ಚೀಲದ ಕಥೆಯನ್ನು ಸಹಿಯ ಸಮೇತ ಹೇಳಿದೆ. ಬಳಪದ್ದನ್ನೂ, ರಕ್ತ ಕಡಿಮೆಯಾದವರಿಗೆ ಅಂಥ ಆಸೆ ಹುಟ್ಟುತ್ತದೆಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಹಿಂದೆ ಅದಕ್ಕೆ ನಕ್ಕವರು ಈ ಸಲ ನಗಲಿಲ್ಲ. ವಿರೂಪಾಕ್ಷಿ ಒಲೆ ಸಣ್ಣ ಮಾಡಿದ.

ಮೈಬೂಸಾಬ ಕಪ್ಪು ಕೆಳಗಿಟ್ಟ. "ನಮ್ಮಾಕಿ ಏನ್ ಉಣ್ತಾಳ ನನಗೂ ಗೊತ್ತಿಲ್ರಿ," ಅಂದ. ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಅವತ್ತಿನ ಚರ್ಚೆ ಅಲ್ಲಿಗೇ ನಿಂತಿತು.

ಎರಡು ಚೀಲ ಮನೆಗೆ ಇಟ್ಟುಕೊಂಡು ಉಳಿದ ಏಳು ಚೀಲಗಳನ್ನು ತಾಳಿಕೋಟೆಯಲ್ಲಿ ಅವತ್ತಿನ ರೇಟಿಗೆ ಮಾರಿದೆ. ಏರಿತ್ತೋ ಇಳಿದಿತ್ತೋ ಇಲ್ಲಿ ಬರೆಯುವುದಿಲ್ಲ. ಶನಿವಾರದ ಚೆಕಪ್‌ನಲ್ಲಿ ಕಸ್ತೂರಿಯ ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ನಾಲ್ಕು ಬಂದಿದೆ. ಗುಳಿಗೆ ಇನ್ನೂ ಮೂರು ತಿಂಗಳು ತಗೊಳ್ಳಬೇಕು.