ತಲೆ ತೋಳಿಗೆ, ಮೈ ಬೆನ್ನಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಬ್ರಾ ನದಿಯಾಚೆಯ ಹಳ್ಳಿಯಲ್ಲಿ ತೋಮಾಸಾ ಬಿಳಿ ಹತ್ತಿ ಬಟ್ಟೆಯ ಮೇಲೆ ಕಾಗದದ ತುಂಡುಗಳನ್ನು ಹೊರಳಿಸಿ ಹೊರಳಿಸಿ ಇಡುತ್ತಿದ್ದಾರೆ. ಮನಿಲಾದ ವಿನ್ಯಾಸಗಾರ್ತಿ ಕಳಿಸಿದ ಕೋಟಿನ ಅಳತೆ ಅದು. ಯಾವುದು ತೋಳು, ಯಾವುದು ಬೆನ್ನು ತಿಳಿಯದೆ ಒಂದು ತುಂಡನ್ನು ತಮ್ಮ ಭುಜಕ್ಕೇ ಹಿಡಿದು ನೋಡುತ್ತಾರೆ. ಒಲೆಯ ಮೇಲೆ ಕಾಫಿ ಉಕ್ಕಿ ಬೂದಿಗೆ ಬೀಳುತ್ತಿದೆ.

ವಯಸ್ಸು ಅರವತ್ತಮೂರು. ಹನ್ನೊಂದಕ್ಕೆ ಸೂಜಿ ಹಿಡಿದವರು. ತಾಯಿ ಕಲಿಸಿದ್ದು ಹೊದಿಕೆ ಮಾತ್ರ: ನೀಲಿ ದಾರದಲ್ಲಿ ನದಿ, ಕುದುರೆ, ಕೈಯೆತ್ತಿದ ಮನುಷ್ಯರು. ಸಾವಿನ ಮನೆಯಲ್ಲಿ ಹೆಣದ ಸುತ್ತ ತೂಗುಹಾಕುವ ಬಟ್ಟೆ. ಒಬ್ಬ ಮನುಷ್ಯನನ್ನು ಹೊಲಿಯಲು ಒಂದು ಬೆಳಗ್ಗೆ ಬೇಕು. ಒಂದು ಹೊದಿಕೆಗೆ ಇಪ್ಪತ್ತೆರಡು ಜನ. ಭತ್ತದ ಗದ್ದೆ, ಐದು ಹೆರಿಗೆ, ಗಂಡನ ಲಕ್ವದ ನಡುವೆ ವರ್ಷಕ್ಕೆ ಎರಡು ಮುಗಿದರೆ ಹೆಚ್ಚು.

ಕಳೆದ ಸುಗ್ಗಿಯಲ್ಲಿ ವಿನ್ಯಾಸಗಾರ್ತಿ ಮಾದರಿಗೆಂದು ಹೊಸ ಹೊದಿಕೆಯೊಂದನ್ನು ಹೊಲಿಸಿಕೊಂಡು ಹೋದಳು. ಮೊಬೈಲಿಗೆ ಬಂದ ಚಿತ್ರದಲ್ಲಿ ಅದು ಕೋಟಾಗಿತ್ತು. ಕತ್ತರಿಸಿದ್ದರಿಂದ ಹೊದಿಕೆಯ ಮನುಷ್ಯನೊಬ್ಬನ ತಲೆ ತೋಳಿಗೆ, ಮೈ ಬೆನ್ನಿಗೆ ಹೋಗಿತ್ತು. ಈಗ ಅಂಥವೇ ಹತ್ತು ಕೋಟು ಬೇಕಂತೆ. ಮಧ್ಯಾಹ್ನದ ಜೀಪಿಗೆ ಉತ್ತರ ಹೋಗಬೇಕು.

ಪಕ್ಕದಲ್ಲಿ ಕುಳಿತ ನಾದಿನಿ ಇಸಿಂಗ್‌ಗೆ ನಗು ತಡೆಯಲಾಗುತ್ತಿಲ್ಲ. "ಬಿಡು ಅತ್ತಿಗೆ, ಮನಿಲಾಕ್ಕೆ ಹೋದೋರೆಲ್ಲಾ ಹಂಗೇ. ತಲೆ ಒಂದ್ಕಡೆ, ಮೈ ಒಂದ್ಕಡೆ."

"ನಗ್ಬೇಡ ಕಣೇ. ಹೊದಿಕೆ ಮೇಲಿರೋರು ಸತ್ತೋರ ಜೊತೆ ನಿಲ್ಲೋ ಜನ."

"ಹಂಗಾದ್ರೆ ಆಗಲ್ಲ ಅಂತ ಹೇಳ್ಕಳಿಸು."

ತೋಮಾಸಾಗೆ ಅದೂ ಆಗುತ್ತಿಲ್ಲ. ಹೆಣದ ಬಟ್ಟೆ ಎಂದು ಸೂಜಿ ಮುಟ್ಟದಿದ್ದ ಊರಿನ ಇಬ್ಬರು ಹುಡುಗಿಯರು, ಕೋಟಿನ ಚಿತ್ರ ನೋಡಿದ ಮೇಲೆ ಕಲಿಯಲು ಬರುತ್ತಿದ್ದಾರೆ. ತೋಮಾಸಾ ಬಿಟ್ಟರೆ ಊರಲ್ಲಿ ಬೇರೆ ಯಾರಿಗೂ ಈ ಹೊಲಿಗೆ ಬರುವುದಿಲ್ಲ. "ಬೇಡ ಅಂದ್ರೆ ನನ್ ಜೊತೆಗೇ ಮುಗೀತು. ಹೂಂ ಅಂದ್ರೆ ಮೇಲಿರೋ ಅಮ್ಮ ಏನಂತಾಳೋ. ಕೇಳೋಣ ಅಂದ್ರೆ ತಿಳಿದ ಮುದುಕಿಯರೆಲ್ಲ ಹೋದ್ರು" ಎನ್ನುತ್ತಾರೆ.

ಕೊನೆಗೆ ಇದ್ದಿಲು ತೆಗೆದುಕೊಂಡು ಬಟ್ಟೆಯ ಮೇಲೆ ಕಾಗದದ ಅಂಚು ಗೀಚುತ್ತಾರೆ. ಮನುಷ್ಯರೆಲ್ಲ ಅಂಚಿನಿಂದ ನಾಲ್ಕು ಬೆರಳು ಒಳಗೆ. ಕತ್ತರಿ ಬೀಳುವ ಕಡೆ ಬರೀ ನದಿ.

"ನೀರನ್ನ ಎಲ್ಲಿ ಕತ್ತರಿಸಿದ್ರೇನು?" ಅನ್ನುತ್ತಾ ದಾರ ಪೋಣಿಸುತ್ತಾರೆ.

"ಸರಿ ಹೋಯ್ತಾ ಹಂಗಾದ್ರೆ?" ಇಸಿಂಗ್ ಕೇಳುತ್ತಾಳೆ.

"ನಂಗೇನ್ ಗೊತ್ತು! ಆ ಕೋಟು ಹಾಕ್ಕೊಂಡೋರು ಒಬ್ರು ಒಂದ್ಸಲ ನನ್ನೆದುರು ಬಂದು ನಿಂತ್ಕೊಳ್ಲಿ. ನಂಗೆ ನಗು ಬರುತ್ತೋ ಭಯ ಆಗುತ್ತೋ, ಆಗ್ಲೇ ಹೇಳ್ತೀನಿ."